ಸೆಪ್ ಹೆರನ್ ಸ್ವಂತ ಕೈಯಿಂದ ಬೆಳೆದದ್ದು

ಮೂರನೇ ಸಾಲು, ಹೇಗ್‌ಬರ್ನ್
ನಾರ್ಥಂಬರ್ಲೆಂಡ್
3 ಅಕ್ಟೋಬರ್ 1982

ಪ್ರೀತಿಯ ಲ್ಯಾನ್ಸ್,

ಆರು ವರ್ಷದ ಮೇಲೆ ಅಕ್ಕನ ಕೈಬರಹ ಕಂಡು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಿನ್ನ ಭಾವ ಸೆಪ್ ಮುಂದಿನ ಕೋಣೆಯಲ್ಲಿ ಮಲಗಿ ಕೆಮ್ಮುತ್ತಿದ್ದಾನೆ, ಅಂದರೆ ಬದುಕಿದ್ದಾನೆ. ಗಣಿಯ ಧೂಳು ಎದೆಯೆಲ್ಲ ತುಂಬಿದೆ. ಫೆಬ್ರವರಿಯಲ್ಲಿ ಹಾಸಿಗೆ ಹಿಡಿದವನು ಇನ್ನೂ ಎದ್ದಿಲ್ಲ, ಏಳುವುದೂ ಇಲ್ಲವಂತೆ. ನಿನಗೆ ಆಗಲೇ ತಿಳಿಸಬೇಕಿತ್ತು. ಅಮ್ಮನನ್ನು ಮಣ್ಣು ಮಾಡಿದ ದಿನ ನೀವಿಬ್ಬರೂ ಕ್ಲಬ್ಬಿನ ಬಾಗಿಲಲ್ಲಿ ಕಚ್ಚಾಡಿದ್ದು ನೆನಪಿಗೆ ಬಂದಾಗಲೆಲ್ಲ ಪೆನ್ನು ಕೆಳಗಿಟ್ಟೆ.

ಈಗ ಬರೆಯುವುದಕ್ಕೆ ಕಾರಣ ಬೇರೆ. ಗುರುವಾರ ಬೆಳಗ್ಗೆ ಮನೆಗೆ ಪೊಲೀಸ್ ಬಂದಿದ್ದ. ಬೆಸ್ಸಿ ಮಗ ಕಾಲಿನ್. ಭಾನುವಾರದ ಶಾಲೆಯಲ್ಲಿ ಇವನ ಮೂಗು ಒರೆಸಿದವಳು ನಾನು. ಅಡುಗೆಮನೆಯಲ್ಲಿ ಕೂತು, ನಾನು ಕೊಟ್ಟ ಕಡುಬಿನ ತುಂಡು ಪೂರ್ತಿ ತಿಂದು, ಆಮೇಲೆ ಬಾಯಿಬಿಟ್ಟ.

"ಹಿಲ್ಡಾ ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮೇಲೆ ವಂಚನೆ ಕಂಪ್ಲೇಂಟ್ ಬಂದಿದೆ."

"ನನ್ ಮೇಲಾ? ಯಾವ ಬ್ಯಾಂಕಿಗೆ ಟೋಪಿ ಹಾಕಿದ್ನಪ್ಪಾ?"

"ಬ್ಯಾಂಕಲ್ಲ ಆಂಟಿ. ಲೀಕ್ ಗಿಡ. ಈ ಸಲ ಪ್ರದರ್ಶನದಲ್ಲಿ ಸೆಪ್ ಅಂಕಲ್ ಹೆಸರಲ್ಲಿ ಮೊದಲನೇ ಬಹುಮಾನ ಬಂತಲ್ಲ, ಆ ಮೂರು ಲೀಕು. ಸಾಕ್ಷಿಗೆ ಬೇಕು, ಎಲ್ಲಿಟ್ಟಿದ್ದೀರಿ?"

"ನಿನ್ ಹೊಟ್ಟೇಲೇ ಹುಡುಕ್ಕೋ. ಮಾರನೇ ದಿನ ಕ್ಲಬ್ಬಲ್ಲಿ ಎರಡು ಬಟ್ಟಲು ಸೂಪು ಕುಡಿದೆಯಲ್ಲ!"

ಪಾಪ, ಕಿವಿವರೆಗೂ ಕೆಂಪಾದ. ಪ್ರದರ್ಶನದ ಮಾರನೇ ದಿನ ಗೆದ್ದದ್ದು ಸೋತದ್ದು ಎಲ್ಲವನ್ನೂ ಒಂದೇ ಹಂಡೆಗೆ ಹೆಚ್ಚಿ ಹಾಕಿ ಊರಿಗೆಲ್ಲ ಬಡಿಸುವುದು ನಿನಗೇನು ಹೊಸದೇ. ಸಾಕ್ಷಿಯನ್ನು ಇಡೀ ಊರು ಕುಡಿದು ಬಾಯಿ ಒರೆಸಿಕೊಂಡಿದೆ. ಲೀಕ್ ಸಿಗದೆ ಕಾಲಿನ್ ಬಹುಮಾನದ ಬಣ್ಣದ ಟೀವಿಯನ್ನೇ ಎತ್ತಿಕೊಂಡು ಹೋದ. ಸೆಪ್ ನಿದ್ದೆಯಲ್ಲಿದ್ದ. ಎದ್ದಮೇಲೆ, ಕೆಟ್ಟಿತ್ತು, ರಿಪೇರಿಗೆ ಕಳಿಸಿದ್ದೇನೆ ಎಂದೆ.

ನೀನು ಮೂವತ್ತು ವರ್ಷದಿಂದ ಲಂಡನ್ನಿನ ಬ್ಯಾರಿಸ್ಟರರ ಗುಮಾಸ್ತ. ನಾನು ಮಾಡಿದೆ ಎನ್ನುವ ಅಪರಾಧದ ಹೆಸರು, ಸುಳ್ಳು ನಂಬಿಸಿ ಇನ್ನೊಬ್ಬರ ಸ್ವತ್ತು ಪಡೆಯುವುದು. ಡಿಸೆಂಬರ್ ಎಂಟಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಇದನ್ನು ಸದ್ದಿಲ್ಲದೆ ಮುಗಿಸುವ ದಾರಿ ಯಾವುದು ಹೇಳು. ಜೈಲಿಗೆ ನಾನು ಹೆದರುವುದಿಲ್ಲ. ಸೆಪ್‌ಗೆ ಗೊತ್ತಾಗಬಾರದು, ಅಷ್ಟೇ. ಹೋಗುವ ಜೀವ, ನೆಮ್ಮದಿಯಾಗಿ ಹೋಗಲಿ.

ನಿನ್ನ ಅಕ್ಕ,
ಹಿಲ್ಡಾ


ಲಂಡನ್
8 ಅಕ್ಟೋಬರ್ 1982

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಆಫೀಸಿನಲ್ಲೇ ನಕ್ಕುಬಿಟ್ಟೆ, ಆಮೇಲೆ ಬಾಗಿಲು ಹಾಕಿಕೊಂಡು ಮತ್ತೆ ಓದಿದೆ. ಭಾವನ ವಿಷಯ ಹೀಗೆ ತಿಳಿಯಬಾರದಿತ್ತು. ತಪ್ಪು ನಿನ್ನದು ಎನ್ನುತ್ತಿಲ್ಲ.

ನಮ್ಮ ಬ್ಯಾರಿಸ್ಟರರಿಗೆ ಲೀಕ್ ಎಂದರೆ ಈರುಳ್ಳಿಯ ಬಡ ದಾಯಾದಿ. ಅದಕ್ಕಾಗಿ ಗಂಡಸರು ಸೆಪ್ಟೆಂಬರ್ ಪೂರ್ತಿ ತೋಟದ ಶೆಡ್ಡಿನಲ್ಲಿ ಮಲಗುತ್ತಾರೆ, ಕಳ್ಳರು ಕೊಯ್ದಾರೆಂದು ಬಾಗಿಲಿಗೆ ನಾಯಿ ಕಟ್ಟುತ್ತಾರೆ ಎಂದರೆ ನಾನು ಬುರುಡೆ ಬಿಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನಮ್ಮಪ್ಪ ತನ್ನ ಪಾಲಿನ ಬಿಯರಿನಲ್ಲಿ ಅರ್ಧ ತಾನು ಕುಡಿದು ಅರ್ಧ ಪಾತಿಗೆ ಸುರಿಯುತ್ತಿದ್ದದ್ದು ನೆನಪಿದೆಯಾ? ಅಮ್ಮ ಕಿಟಕಿಯಿಂದ ಕೂಗುತ್ತಿದ್ದಳು, "ಮಕ್ಕಳಿಗೆ ಬೂಟಿಲ್ಲ, ಸೊಪ್ಪಿಗೆ ಬಿಯರು!" ಆ ವಾಸನೆಯೇ ಬೇಡವೆಂದು ಹದಿನೇಳಕ್ಕೆ ರೈಲು ಹತ್ತಿದವನು ನಾನು. ನನ್ನ ಪೆಟ್ಟಿಗೆ ಹೊತ್ತು ಸ್ಟೇಶನ್ನಿಗೆ ಬಂದವಳು ನೀನು. ಈಗ ತರಕಾರಿ ಅಂಗಡಿ ಮುಂದೆ ಲೀಕ್ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ಎತ್ತಿ ಮೂಸುತ್ತೇನೆ. ಅಂಗಡಿಯವಳು ನನ್ನನ್ನು ಅರೆಹುಚ್ಚ ಎಂದೇ ತಿಳಿದಿದ್ದಾಳೆ.

ಇರಲಿ, ಕಾನೂನಿಗೆ ಬರುತ್ತೇನೆ. ನಾನು ವಕೀಲನಲ್ಲ, ವಕೀಲರಿಗೆ ಕೇಸು ಹಂಚುವವನು. ಆದರೂ ಇಷ್ಟು ವರ್ಷ ಬಾಗಿಲ ಸಂದಿಯಲ್ಲಿ ಕಿವಿ ಇಟ್ಟಿದ್ದೇನೆ. ನಮ್ಮ ದೇಶದಲ್ಲಿ ಸುಳ್ಳು ಹೇಳಿದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ಹಾಗಾದರೆ ಪಾರ್ಲಿಮೆಂಟಿನಲ್ಲಿ ಕುರ್ಚಿಗಳು ಮಾತ್ರ ಉಳಿದಾವು. ನೀನು ಸುಳ್ಳು ಹೇಳಿರಬೇಕು. ಅದನ್ನು ಎದುರಿನವನು ನಂಬಿರಬೇಕು. ನಂಬಿದ್ದರಿಂದಲೇ ವಸ್ತುವನ್ನು ಕೊಟ್ಟಿರಬೇಕು. ಇದೆಲ್ಲ ಆದ ಮೇಲೂ ನಿನ್ನ ಮನಸ್ಸಿನಲ್ಲಿ ಅಪ್ರಾಮಾಣಿಕತೆ ಇತ್ತೆಂದು ಪೊಲೀಸರು ತೋರಿಸಬೇಕು. ಒಂದು ಕೊಂಡಿ ಕಳಚಿದರೂ ಕೇಸು ನಿಲ್ಲುವುದಿಲ್ಲ.

ಆದ್ದರಿಂದ ನೀನು ಏನು ಹೇಳಿದೆ, ಯಾರಿಗೆ ಹೇಳಿದೆ, ಅವರು ನಂಬಿದರೇ ಎಂದು ಬರೆ. ನನ್ನ ಹತ್ತಿರ ಮುಚ್ಚುಮರೆ ಬೇಡ. ದೂರು ಕೊಟ್ಟವನು ಯಾರು?

ನಿನ್ನ ತಮ್ಮ,
ಲ್ಯಾನ್ಸ್


ಹೇಗ್‌ಬರ್ನ್
17 ಅಕ್ಟೋಬರ್ 1982

ಪ್ರೀತಿಯ ಲ್ಯಾನ್ಸ್,

ದೂರು ಕೊಟ್ಟವನು ಡೆನಿಸ್ ಆಸ್ಕ್ಯೂ. ನಾಲ್ಕು ವರ್ಷದ ಹಿಂದೆ ಲಿಂಕನ್ ಕಡೆಯಿಂದ ಬಂದು ಸೇರಿಕೊಂಡವನು. ಒಂಟಿ ಜೀವ, ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡೇ ಪಾತಿ ಅಗೆಯುತ್ತಾನೆ. ಪ್ರದರ್ಶನದಲ್ಲಿ ಎರಡನೆಯವನಾಗಿ ಬಂದವನು ಅವನೇ. ರೈಲು ಹಳಿಯಾಚೆ ಸೆಪ್‌ನ ತೋಟಕ್ಕೆ ಅವನ ತೋಟ ಅಂಟಿಕೊಂಡಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಯಾಕೆಂದರೆ ಗೆದ್ದ ಗಿಡ ಆ ತೋಟದ್ದಲ್ಲ ಎಂದು ಅವನು ಹೇಳಿದ್ದು ನಿಜ.

ಈಗ ಕೇಳು. ಸೆಪ್ ಹಾಸಿಗೆಯಲ್ಲೇ ಕೂತು ಸಸಿಗಳನ್ನು ಆರಿಸಿದ. ದಪ್ಪನೆಯವು ಕ್ಲಬ್ಬಿನ ಮ್ಯಾಟ್ ಮಿಲ್ಬರ್ನ್ ಕೈಯಲ್ಲಿ ತೋಟದ ಪಾತಿಗೆ ಹೋದವು. ಕಾಯಿಲೆ ಬಿದ್ದ ಸದಸ್ಯನಿಗೆ ಬೇರೆಯವರು ನೀರು ಹಾಕಬಹುದು, ಗೊಬ್ಬರ ಕೊಡಬಹುದು. ಆದರೆ ಪ್ರದರ್ಶನಕ್ಕೆ ಬರುವ ಗಿಡ ಅವನು ಆರಿಸಿದ್ದೇ, ಅವನ ಪಾತಿಯದೇ ಆಗಿರಬೇಕು. ಅದು ಲೀಕ್ ಕ್ಲಬ್ಬಿನ ಕಟ್ಟಳೆ, ನಿನಗೆ ಗೊತ್ತು. ಉಳಿದ ಪೀಚಲು ಸಸಿಗಳನ್ನು ನನ್ನ ಕಡೆ ತಳ್ಳಿ, "ತಗೋ, ನಿನ್ ಸೂಪಿಗೆ" ಎಂದ. ನಾನು ಅವನ್ನು ಹಿತ್ತಿಲಲ್ಲಿ ಬಟ್ಟೆ ಹಗ್ಗದ ಕೆಳಗೆ, ಕಲ್ಲಿದ್ದಲ ಗೂಡಿನ ಪಕ್ಕ ನೆಟ್ಟೆ. ಬಿಯರಿಲ್ಲ, ಮಂತ್ರವಿಲ್ಲ. ಪಾತ್ರೆ ತೊಳೆದ ನೀರು, ಟೀ ಸೊಪ್ಪು, ಬಟ್ಟೆ ಒಣಗಿಸುವಾಗ ನನ್ನ ಗೊಣಗಾಟ.

ಜುಲೈ ಕೊನೆಯಲ್ಲಿ ಸೆಪ್‌ನ ಪಾತಿಗೆ ಕೊಳೆರೋಗ ಬಂತು. ಒಂದು ಸಂಜೆ ಮುಟ್ಟಿದರೆ ಗಿಡ ಕೈಗೇ ಬಂತು, ಬುಡದಲ್ಲಿ ಬಿಳಿ ಬೂಷ್ಟು. ಒಂದೂ ಉಳಿಯಲಿಲ್ಲ. ಅಲ್ಲೇ ಪಾತಿಯ ಅಂಚಿನಲ್ಲಿ ಕೂತು ಅತ್ತೆ ಲ್ಯಾನ್ಸ್, ನಾಚಿಕೆ ಇಲ್ಲದೆ ಹೇಳುತ್ತೇನೆ. ಇದೇ ಕೊನೆಯ ಬೆಳೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮನೆಗೆ ಬಂದೆ. ಬಾಗಿಲು ತೆರೆಯುವ ಮುಂಚೆಯೇ, "ಹೆಂಗಿದಾವೆ ನನ್ ಮಕ್ಳು?" ಎಂದು ಒಳಗಿನಿಂದ ಕೂಗಿದ. "ಚೆನ್ನಾಗಿದಾವೆ" ಎಂದೆ. ಅಲ್ಲಿಂದ ಶುರುವಾಯಿತು.

ಏನು ಹೇಳಲಿ ಎಂದು ತೋಚದೆ ಹಿತ್ತಿಲ ಗಿಡಗಳ ಸುದ್ದಿಯನ್ನೇ ಹೇಳಿದೆ. ಅಷ್ಟು ಹೊತ್ತಿಗೆ ಅವು ನನ್ನ ತೋಳಿಗಿಂತ ದಪ್ಪವಾಗಿದ್ದವು, ದೇವರಾಣೆ, ನಾನೇ ಸರಿಯಾಗಿ ನೋಡಿರಲಿಲ್ಲ. ಅವನು ಕೇಳಿದ್ದಕ್ಕೆಲ್ಲ ಉತ್ತರ ಬೇಕಾಯಿತೆಂದು ನೋಡತೊಡಗಿದೆ. ಎಲೆ ಯಾವ ಕಡೆ ಬಾಗಿದೆ, ಬುಡ ಎಷ್ಟು ಬೆಳ್ಳಗಿದೆ. ಬರುಬರುತ್ತಾ, ನಗಬೇಡ, ಅದೇ ನನ್ನ ಹುಚ್ಚಾಯಿತು. ಸಂಜೆ ಯಾವಾಗ ಆಗುತ್ತದೋ, ಯಾವಾಗ ಅವನಿಗೆ ಹೇಳುತ್ತೇನೋ ಎನಿಸುತ್ತಿತ್ತು.

ಪ್ರದರ್ಶನಕ್ಕೆ ಮುಂಚೆ ಗಿಡಕ್ಕೆ ಕ್ಲಬ್ಬಿನ ಮುದ್ರೆ ಒತ್ತಲು ಮ್ಯಾಟ್ ಬಂದ. ಸೆಪ್ ವಸಂತದಲ್ಲೇ ಒಳ್ಳೆಯ ಸಸಿಗಳನ್ನು ನನ್ನ ಕೈಯಲ್ಲಿ ಹಿತ್ತಿಲಿಗೆ ಹಾಕಿಸಿದ ಎಂದು ಅವನಿಗೆ ಒಂದು ಕಥೆ ಹೇಳಿದೆ. ಮ್ಯಾಟ್ ನನ್ನ ಒಣಗುತ್ತಿದ್ದ ಹಾಸಿಗೆ ಬಟ್ಟೆಯನ್ನು ನೋಡಿದ, ಗಿಡ ನೋಡಿದ, ಮಂಡಿಯೂರಿ ಮುದ್ರೆ ಒತ್ತಿದ. ಪ್ರದರ್ಶನದ ದಿನ ಮೇಜಿನ ಮುಂದೆ ಅವನೇ ಕೂಗಿದ, "ಯಾರ ಬೆಳೆ?" ಊರೆಲ್ಲ ನಿಂತಿತ್ತು. "ಸೆಪ್ ಹೆರನ್, ಸ್ವಂತ ಕೈಯಿಂದ ಬೆಳೆದದ್ದು" ಎಂದೆ. ಗಟ್ಟಿಯಾಗಿಯೇ ಹೇಳಿದೆ.

ನಮ್ಮ ಕ್ಲಬ್ಬಿಗೆ ಹೆಂಗಸರನ್ನು ಸೇರಿಸುವುದಿಲ್ಲ. ನನ್ನ ಹೆಸರಲ್ಲಿ ಇಡೋಣವೆಂದರೂ ದಾರಿ ಇರಲಿಲ್ಲ. ಇದು ನೆಪ ಅಲ್ಲ. ಸುಳ್ಳು ಹೇಳಿದೆ, ಗೆದ್ದೆ, ಟೀವಿ ಮನೆಗೆ ತಂದೆ. ಅದನ್ನು ನೋಡುತ್ತಾ ಸೆಪ್ ಆ ರಾತ್ರಿ ಮೂರು ತುತ್ತು ಹೆಚ್ಚು ತಿಂದ.

ಅಕ್ಕ,
ಹಿಲ್ಡಾ


ಲಂಡನ್
22 ಅಕ್ಟೋಬರ್ 1982

ಪ್ರೀತಿಯ ಅಕ್ಕ,

ತಪ್ಪೊಪ್ಪಿಕೊಳ್ಳುವ ಯೋಚನೆ ಇದ್ದರೆ ದಯವಿಟ್ಟು ಬಿಡು. ನಿನಗೆ ಹನ್ನೆರಡು ಜನರ ಜ್ಯೂರಿ ಕೇಳುವ ಹಕ್ಕಿದೆ. ಮ್ಯಾಜಿಸ್ಟ್ರೇಟ್ ಕೇಳಿದಾಗ, "ಇಲ್ಲಿ ಬೇಡ, ಜ್ಯೂರಿ ಮುಂದೆ" ಎಂದು ಹೇಳು. ಕೇಸು ನ್ಯೂಕಾಸಲ್ಲಿನ ದೊಡ್ಡ ಕೋರ್ಟಿಗೆ ಹೋಗುತ್ತದೆ. ನಮ್ಮಲ್ಲಿ ಒಬ್ಬ ಬ್ಯಾರಿಸ್ಟರ್ ನನಗೆ ಋಣಿಯಾಗಿದ್ದಾರೆ, ಬಿಟ್ಟಿಯಾಗಿ ಬರುತ್ತಾರೆ.

ಈ ಏಪ್ರಿಲಿನಲ್ಲಿ ಮೇಲಿನ ಕೋರ್ಟು ಒಂದು ತೀರ್ಪು ಕೊಟ್ಟಿದೆ. ನಮ್ಮ ಕೇರಿಯ ವಕೀಲರಿಗೆಲ್ಲ ಅದೇ ಮಾತು. ಅಪ್ರಾಮಾಣಿಕತೆ ಎಂದರೇನು ಎಂಬುದಕ್ಕೆ ಜ್ಯೂರಿ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಸಾಮಾನ್ಯ ಮರ್ಯಾದಸ್ಥ ಜನರ ಕಣ್ಣಿಗೆ ಇದು ಅಪ್ರಾಮಾಣಿಕವೇ? ಹೌದಾದರೆ, ಅವರ ಕಣ್ಣಿಗೆ ಹಾಗೆ ಕಾಣುತ್ತದೆಂದು ಮಾಡಿದವಳಿಗೆ ಗೊತ್ತಿತ್ತೇ? ಅಕ್ಕ, ನ್ಯೂಕಾಸಲ್ಲಿನ ಹನ್ನೆರಡು ಜನ ಎಂದರೆ ಗಣಿಯವರು, ಹಡಗು ಕಟ್ಟುವವರು, ಅವರ ಹೆಂಡಂದಿರು. ಪ್ರತಿಯೊಬ್ಬರ ಮನೆಯಲ್ಲೂ ಕೆಮ್ಮುವ ಒಬ್ಬ ಮುದುಕ ಇದ್ದಾನೆ. ಅವರು ನಿನ್ನನ್ನು ವಂಚಕಿ ಎಂದಾರೇ? ನಿನ್ನ ಹಾಗೆ ಮೂರು ಲೀಕ್ ಎತ್ತಿಕೊಂಡು ಊರ ಮುಂದೆ ನಿಲ್ಲುವ ಧೈರ್ಯ ತಮಗಿಲ್ಲ ಎಂದು ಕಣ್ಣೊರೆಸಿಕೊಂಡಾರು.

ನಾನು ನಿಜವಾದ ವಂಚಕರನ್ನು ನೋಡಿದ್ದೇನೆ. ಚೆಂದದ ಕೈಗವಸು ಹಾಕಿಕೊಂಡು ಬರುತ್ತಾರೆ, ವಿಧವೆಯರ ಮನೆ ಬರೆಸಿಕೊಂಡಿರುತ್ತಾರೆ, ನನಗೆ ಕ್ರಿಸ್ಮಸ್ಸಿಗೆ ವೈನ್ ಕಳಿಸುತ್ತಾರೆ. ಅವರ ಸಾಲಿನಲ್ಲಿ ನಿನ್ನ ಹೆಸರು ಸೇರುವುದನ್ನು ನಾನು ಸಹಿಸುವುದಿಲ್ಲ. ಸಂಬಳಕ್ಕೆ ಕೆಲಸ ಮಾಡುವವನ ಮಾತಲ್ಲ ಇದು. ನೀನು ನನಗೆ ಅಕ್ಕ.

ಇನ್ನೊಂದು. ಮ್ಯಾಟ್ ಮಿಲ್ಬರ್ನ್ ನಿನ್ನ ಕಥೆ ನಂಬಿದ ಎಂದು ನಿನಗೆ ಹೇಗೆ ಗೊತ್ತು? ಅವನು ನಮ್ಮಪ್ಪನ ಜೊತೆ ಬೆಳೆದವನು. ಸಸಿ ಬದಲಾಯಿಸಿದ ಪಾತಿಗೂ ನೆಟ್ಟಲ್ಲೇ ಬೆಳೆದ ಪಾತಿಗೂ ವ್ಯತ್ಯಾಸ ಕಾಣದವನೇ?

ಲ್ಯಾನ್ಸ್


ಹೇಗ್‌ಬರ್ನ್
6 ನವೆಂಬರ್ 1982

ಲ್ಯಾನ್ಸ್,

ಜ್ಯೂರಿ ಬೇಡ. ಜ್ಯೂರಿ ಎಂದರೆ ಪೇಪರಿನವರು, ನ್ಯೂಕಾಸಲ್ಲು, ಸಾಕ್ಷಿ ಹೇಳಲು ಇಡೀ ಕ್ಲಬ್ಬು. ವಸಂತದವರೆಗೆ ಎಳೆಯುತ್ತದಂತೆ. ಸೆಪ್‌ಗೆ ವಸಂತ ಇದೆಯೋ ಇಲ್ಲವೋ. ಇಲ್ಲೇ ಮ್ಯಾಜಿಸ್ಟ್ರೇಟರ ಮುಂದೆ ತಪ್ಪಾಯಿತು ಎಂದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ದಂಡ ಹಾಕುತ್ತಾರೆ, ಕಟ್ಟುತ್ತೇನೆ. ಡೆಂಟಿಸ್ಟ್ ಹತ್ತಿರ ಹೋಗಿದ್ದೆ ಎಂದು ಸೆಪ್‌ಗೆ ಹೇಳುತ್ತೇನೆ.

ಮ್ಯಾಟ್ ನಂಬಿದನೋ ಬಿಟ್ಟನೋ, ಅವನನ್ನು ಇದಕ್ಕೆ ಎಳೆಯಬೇಡ. ನಲವತ್ತು ವರ್ಷ ಕ್ಲಬ್ಬಿನ ಮುದ್ರೆ ಹಿಡಿದವನು. ಗೊತ್ತಿದ್ದೂ ಒತ್ತಿದೆ ಎಂದರೆ ಅವನ ಮರ್ಯಾದೆ ಹೋಗುತ್ತದೆ.

ಕಳೆದ ವಾರದಿಂದ ಸೆಪ್‌ನ ಉಸಿರು ಕಷ್ಟವಾಗಿದೆ. ಗೆದ್ದ ವಿಷಯ ಮಾತ್ರ ಬಂದವರಿಗೆಲ್ಲ ಇನ್ನೂ ಹೇಳುತ್ತಾನೆ. ನೀನು ಬರಬೇಡ. ನೀನು ಬಂದರೆ ಏನೋ ಆಗಿದೆ ಎಂದು ಅವನಿಗೆ ಗೊತ್ತಾಗುತ್ತದೆ.

ಹಿಲ್ಡಾ


ಹೇಗ್‌ಬರ್ನ್ ಲೀಕ್ ಕ್ಲಬ್
19 ನವೆಂಬರ್ 1982

ಲ್ಯಾನ್ಸ್‌ಗೆ,

ನಿನ್ನ ಕಾಗದ ಬಂತು. ನೀನು ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ, ಸುತ್ತಿ ಬಳಸಿ ಬರೆಯುವ ಅಭ್ಯಾಸ ನನಗಿಲ್ಲ. ಇಲ್ಲ, ನಾನು ನಂಬಲಿಲ್ಲ. ನಿಮ್ಮಕ್ಕ ಸುಳ್ಳು ಹೇಳುವಾಗ ಎಡಗೈಯಿಂದ ಏಪ್ರನ್ನು ತಿರುಚುತ್ತಾಳೆ, ಎಂಟು ವರ್ಷದವಳಿದ್ದಾಗಿಂದ ನೋಡಿದ್ದೇನೆ. ಅವಳ ಕಥೆ ಕೇಳುವುದಕ್ಕೂ ಮುಂಚೆಯೇ ನನಗೆಲ್ಲ ಗೊತ್ತಿತ್ತು.

ಆಗಸ್ಟಿನಲ್ಲಿ ಸೆಪ್ ನನ್ನನ್ನು ಕರೆಸಿದ್ದ. ಹಿಲ್ಡಾ ಅಂಗಡಿಗೆ ಹೋಗಿದ್ದ ಹೊತ್ತು. ನನ್ನ ತೋಳು ಹಿಡಿದು ಹೇಳಿದ, "ಮ್ಯಾಟ್, ನನ್ ಪಾತಿ ಸತ್ತೋಗಿದೆ ಅಲ್ವೇನೋ? ಇವಳು ತೋಟದಿಂದ ಬಂದೆ ಅಂತಾಳೆ, ಕಾಲಲ್ಲಿ ನೋಡಿದ್ರೆ ಮನೇಲಿ ಹಾಕ್ಕೊಳ್ಳೋ ಚಪ್ಪಲಿ. ತೋಟದ ಮಣ್ಣು ಕರಿದು, ಇವಳ ಉಗುರಲ್ಲಿ ಹಿತ್ತಿಲ ಕೆಂಪು ಜೇಡಿ." ಹೂಂ ಎಂದೆ. "ಹೋಗಿ ಹಿತ್ತಿಲಲ್ಲಿ ನೋಡ್ಕೊಂಡ್ ಬಾ" ಎಂದ. ನೋಡಿಬಂದೆ. "ಹೆಂಗಿದಾವೆ?" ಎಂದ. "ಸೆಪ್, ನಿನ್ ಜನ್ಮದಲ್ಲಿ ನೀನು ಅಂಥದ್ದು ಬೆಳೆದಿಲ್ಲ" ಎಂದೆ. ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಆಮೇಲೆ, "ಅವಕ್ಕೇ ಮುದ್ರೆ ಒತ್ತು. ನನಗೆ ಗೊತ್ತು ಅಂತ ಅವಳಿಗೆ ಗೊತ್ತಾಗಬಾರದು. ಪ್ರಮಾಣ ಮಾಡು" ಎಂದ. ಮಾಡಿದೆ.

ಕಮಿಟಿಯವರಿಗೆಲ್ಲ ಹೇಳಿದೆ. ಯಾರೂ ಬೇಡ ಎನ್ನಲಿಲ್ಲ. ತೀರ್ಪುಗಾರರಿಗೆ ಮಾತ್ರ ಹೇಳಲಿಲ್ಲ, ಅವರು ಯಾವತ್ತೂ ಹೊರ ಊರಿನವರು, ಅಳತೆ ನೋಡಿ ನಂಬರು ಕೊಡುತ್ತಾರೆ. ಅವು ನ್ಯಾಯವಾಗಿಯೇ ಗೆದ್ದವು. ಡೆನಿಸ್‌ಗೂ ಹೇಳಲಿಲ್ಲ. ಅವನು ಹೊಸಬ. ಅದು ನಾವು ಮಾಡಿದ ತಪ್ಪು.

ಈಗ ನಾನು ಬಾಯಿಬಿಟ್ಟರೆ ಹಿಲ್ಡಾ ಉಳಿಯುತ್ತಾಳೆ, ಸೆಪ್‌ಗೆ ಕೊಟ್ಟ ಮಾತು ಮುರಿಯುತ್ತದೆ. ಸಾಯುವವನಿಗೆ ಕೊಟ್ಟ ಮಾತು. ಕೇಸಿನ ವಿಷಯ ಅವನಿಗೆ ಇನ್ನೂ ಯಾರೂ ಹೇಳಿಲ್ಲ. ನೀನು ಓದಿದವನು, ನೀನೇ ದಾರಿ ಹೇಳು.

ಮ್ಯಾಥ್ಯೂ ಮಿಲ್ಬರ್ನ್


ಲಂಡನ್
25 ನವೆಂಬರ್ 1982

(ಮ್ಯಾಟ್, ಭಾನುವಾರ ಅಕ್ಕ ಚರ್ಚಿಗೆ ಹೋದ ಹೊತ್ತಿನಲ್ಲಿ ಇದನ್ನು ಭಾವನಿಗೆ ಓದಿ ಹೇಳು.)

ಸೆಪ್ ಭಾವನಿಗೆ,

ಆರು ವರ್ಷದ ಹಿಂದೆ ಕ್ಲಬ್ಬಿನ ಬಾಗಿಲಲ್ಲಿ ಆದದ್ದು ಅಲ್ಲೇ ಇರಲಿ, ಅದಕ್ಕೆ ಈಗ ಹೊತ್ತಿಲ್ಲ.

ಟೀವಿ ರಿಪೇರಿಗೆ ಹೋಗಿಲ್ಲ, ಪೊಲೀಸ್ ಠಾಣೆಯಲ್ಲಿದೆ. ಹಿತ್ತಿಲ ಲೀಕ್ ನಿಮ್ಮ ಹೆಸರಲ್ಲಿ ಇಟ್ಟದ್ದಕ್ಕೆ ಅಕ್ಕನ ಮೇಲೆ ವಂಚನೆಯ ಕೇಸು ಹಾಕಿದ್ದಾರೆ. ಡಿಸೆಂಬರ್ ಎಂಟಕ್ಕೆ ಕೋರ್ಟು. ನಾನು ವಂಚಕಿ ಎಂದು ತಾನೇ ನಿಂತು ಒಪ್ಪಿಕೊಳ್ಳುವವಳಿದ್ದಾಳೆ, ನಿಮಗೆ ಗೊತ್ತಾಗದಿರಲಿ ಎಂಬ ಒಂದೇ ಕಾರಣಕ್ಕೆ. ನಿಮಗೆ ಗೊತ್ತಿರುವುದು ಅವಳಿಗೆ ಗೊತ್ತಿಲ್ಲ.

ಕಾನೂನು ಕೇಳುವುದು ಒಂದೇ ಮಾತು, ಕ್ಲಬ್ಬಿನವರು ಆ ಸುಳ್ಳನ್ನು ನಂಬಿ ಮೋಸಹೋದರೇ? ಇಲ್ಲ ಎಂದು ಮ್ಯಾಟ್ ಹೇಳಿದರೆ ಸಾಕು. ಮೋಸದ ಪ್ರಯತ್ನವಾದರೂ ಮಾಡಿದಳಲ್ಲ ಎಂದು ಪೊಲೀಸರ ವಕೀಲ ಹೊಸ ಗಂಟು ಹಾಕಬಹುದು. ನೀವೂ ಎರಡು ಸಾಲು ಬರೆಸಿ ಸಹಿ ಹಾಕಿದರೆ ಅದನ್ನು ಹಾಕುವ ಮುಖ ಅವನಿಗಿರುವುದಿಲ್ಲ.

ಮ್ಯಾಟ್‌ನನ್ನು ಪ್ರಮಾಣದಿಂದ ಬಿಡಿಸಬಲ್ಲವರು ನೀವೊಬ್ಬರೇ. ನಮ್ಮಕ್ಕ ಯಾವತ್ತೂ ತನಗಾಗಿ ಯಾರನ್ನೂ ಏನನ್ನೂ ಕೇಳಿದವಳಲ್ಲ. ಅವಳ ಪರವಾಗಿ ನಾನು ಕೇಳುತ್ತಿದ್ದೇನೆ.

ನಿಮ್ಮ ಭಾವಮೈದುನ,
ಲ್ಯಾನ್ಸ್


ಹೇಗ್‌ಬರ್ನ್
12 ಡಿಸೆಂಬರ್ 1982

ಪ್ರೀತಿಯ ಲ್ಯಾನ್ಸ್,

ನಿನ್ನ ಮೇಲೆ ನನಗಿರುವ ಸಿಟ್ಟು ಕಾಗದದಲ್ಲಿ ಹಿಡಿಯುವುದಿಲ್ಲ. ಮುಖತಃ ಬೈಯುತ್ತೇನೆ. ಮೊದಲು ನಡೆದದ್ದು ಕೇಳು.

ಅಮ್ಮನ ಕೋಟು ಹಾಕಿಕೊಂಡು ಹೋದೆ. ಕಟಕಟೆಯಲ್ಲಿ ನಿಂತು ಹಿಂದೆ ತಿರುಗಿದರೆ ಕ್ಲಬ್ಬಿನ ಕಮಿಟಿ ಪೂರ್ತಿ ಕೂತಿತ್ತು, ಎಲ್ಲರೂ ಸಾವಿನ ಮನೆಗೆ ಹಾಕುವ ಸೂಟಿನಲ್ಲಿ. ನನ್ನ ಮಾನ ಹರಾಜಾಗುವುದನ್ನು ನೋಡಲು ಬಂದಿದ್ದಾರೆ ಎಂದುಕೊಂಡೆ. ಇನ್ನೊಂದು ಬೆಂಚಿನ ತುದಿಯಲ್ಲಿ ಡೆನಿಸ್, ಒಬ್ಬನೇ. ಇಲ್ಲೇ ವಿಚಾರಣೆಯಾಗಲೋ ಜ್ಯೂರಿ ಬೇಕೋ ಎಂದು ಕೇಳಿದರು. ಇಲ್ಲೇ ಎಂದೆ. ತಪ್ಪು ಮಾಡಿದ್ದೀರಾ ಎಂದು ಕೇಳುವಷ್ಟರಲ್ಲಿ ಪೊಲೀಸರ ವಕೀಲ ಎದ್ದು ನಿಂತ. ಬೆಳಗ್ಗೆ ತನ್ನ ಕೈಗೆ ಎರಡು ಹೇಳಿಕೆ ಬಂದಿವೆ, ಓದಲು ಅಪ್ಪಣೆ ಬೇಕು ಎಂದ. ಮ್ಯಾಟ್‌ನದನ್ನು ಓದಿದ. ನಾನು ಹೇಳಿದ ಕಥೆಯನ್ನು ಅವನು ಒಂದು ಗಳಿಗೆಯೂ ನಂಬಿರಲಿಲ್ಲವಂತೆ. ಆಮೇಲೆ ಇನ್ನೊಂದನ್ನು ಎತ್ತಿಕೊಂಡ.

"ನಾನು ಸೆಪ್ಟಿಮಸ್ ಹೆರನ್, ಗಣಿ ಕೆಲಸದವನು. ಲೀಕ್ ನನ್ನ ಹೆಂಡತಿ ಬೆಳೆದದ್ದು. ಅದು ನನಗೆ ಗೊತ್ತಿತ್ತು. ನನ್ನ ಹೆಸರಲ್ಲಿ ಇಡುವಂತೆ ಮಾಡಿದವನು ನಾನೇ. ಅವಳಿಗೆ ಅದು ಗೊತ್ತಿರಲಿಲ್ಲ. ಮೋಸ ಆಗಿದ್ದರೆ ಅವಳಿಗೆ ಆಗಿದೆ, ಮಾಡಿದವನು ನಾನು."

ಮಧ್ಯದಲ್ಲಿ ಕೂತಿದ್ದ ಮ್ಯಾಜಿಸ್ಟ್ರೇಟ್ ಹೆಂಗಸು ಕನ್ನಡಕ ತೆಗೆದು ವಕೀಲನನ್ನು ನೋಡಿದಳು. "ಹಾಗಾದ್ರೆ ಬಹುಮಾನ ಕೊಟ್ಟವರು ಯಾರೂ ಮೋಸ ಹೋಗಿಲ್ವಾ?" ಅವನು ಇಲ್ಲ ಎಂದ, ಕೇಸು ವಾಪಸು ಎಂದ. ಕೇಸು ವಜಾ ಎಂದಳು. ಕ್ಲಬ್ಬಿನವರು ಟೋಪಿ ಎಸೆಯುವುದೊಂದು ಬಾಕಿ. ನನಗೆ ನಗು ಬರಲಿಲ್ಲ. ಬೇಸಿಗೆ ಪೂರ್ತಿ ನಾನು ನಾಟಕ ಆಡಿದೆ, ಊರೆಲ್ಲ ಟಿಕೆಟ್ ಇಲ್ಲದೆ ನೋಡಿತು ಎನಿಸಿತು. ಯಾರ ಮುಖವನ್ನೂ ನೋಡದೆ ಬಸ್‌ಸ್ಟಾಪಿಗೆ ನಡೆದೆ.

ಅಲ್ಲಿ ಡೆನಿಸ್ ನಿಂತಿದ್ದ. ಬೇರೆ ಬಸ್ಸಿಲ್ಲ, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತೆವು. ಅವನೇ ಕೇಳಿದ.

"ಮಿಸೆಸ್ ಹೆರನ್, ಎಲ್ರಿಗೂ ಗೊತ್ತಿತ್ತಾ?"

"ಹೂಂ, ಎಲ್ರಿಗೂ."

"ನನಗೆ ಯಾರೂ ಹೇಳ್ಲಿಲ್ಲ. ಹೇಳಿದ್ರೆ ನಾನು ಸುಮ್ನಿರ್ತಿದ್ದೆ. ಟೀವಿ ಬೇಕೂಂತ ಅಲ್ಲ ನಾನು ಹೋಗಿದ್ದು. ಕೇಳಿದ್ರೆ ಒಬ್ರೂ ಉತ್ತರ ಕೊಡ್ಲಿಲ್ಲ."

"ನನಗೂ ಯಾರೂ ಹೇಳ್ಲಿಲ್ಲ ಕಣಪ್ಪ. ಊರಲ್ಲಿ ಏನೂ ಗೊತ್ತಿಲ್ಲದೆ ಇದ್ದವ್ರು ನಾವಿಬ್ರೇ."

ಅವನು ನಕ್ಕ. ನಾಲ್ಕು ವರ್ಷದಲ್ಲಿ ಅವನ ಹಲ್ಲು ನೋಡಿದ್ದು ಅವತ್ತೇ. ಫ್ಲಾಸ್ಕಿನಲ್ಲಿದ್ದ ಟೀ ಹಂಚಿಕೊಂಡೆವು. ಟೀವಿ ನಿನ್ನದೇ, ತೆಗೆದುಕೊಂಡು ಹೋಗು ಎಂದೆ. ತನ್ನ ಮನೆಯಲ್ಲಿ ಒಂದಿದೆ, ಅದನ್ನು ನೋಡಲೇ ಜೊತೆಗೆ ಯಾರೂ ಇಲ್ಲ ಎಂದ. ಭಾನುವಾರ ಊಟಕ್ಕೆ ಕರೆದಿದ್ದೇನೆ. ಇಳಿಯುವಾಗ ಮೆಲ್ಲಗೆ, ಗಿಡಕ್ಕೆ ಏನು ಹಾಕುತ್ತಿದ್ದಿರಿ ಎಂದು ಕೇಳಿದ. ಪಾತ್ರೆ ತೊಳೆದ ನೀರು ಎಂದೆ. ಹೇಳಲು ಇಷ್ಟವಿಲ್ಲದಿದ್ದರೆ ಬಿಡಿ ಎಂದು ಮುಖ ಸಣ್ಣ ಮಾಡಿಕೊಂಡ.

ಮನೆಗೆ ಬಂದರೆ ನಿನ್ನ ಭಾವ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದ. ಮದುವೆಯಾಗಿ ಮೂವತ್ತೊಂದು ವರ್ಷ, ಅವನ ನಿಜವಾದ ಗೊರಕೆ ಯಾವುದು ಎಂದು ನನಗೆ ಗೊತ್ತಿಲ್ಲವೇ. ಕೋಟು ಕೂಡ ತೆಗೆಯದೆ ಮುಂದೆ ನಿಂತೆ.

"ಸಾಕು ಏಳು. ಯಾವಾಗಿಂದ ಗೊತ್ತಿತ್ತು ನಿಂಗೆ?"

ಒಂದು ಕಣ್ಣು ತೆರೆದ. "ಆಗಸ್ಟಿಂದ."

"ನಾನು ದಿನಾ ಬಂದು ಕಥೆ ಕಟ್ಟಿ ಹೇಳ್ತಿದ್ರೆ ಹೂಂ ಹೂಂ ಅಂತ ಕೇಳಿಸ್ಕೊಂಡ್ಯಲ್ಲೋ! ನನ್ನನ್ನ ಪೆದ್ದಿ ಮಾಡ್ದೆ. ಒಂದ್ಸಲ ಆದ್ರೂ ಹೇಳ್ಬಾರ್ದಿತ್ತಾ?"

ಉಸಿರು ಒಟ್ಟುಮಾಡಿಕೊಳ್ಳಲು ಅವನಿಗೆ ಹೊತ್ತು ಹಿಡಿಯಿತು.

"ಹಿಲ್ಡಾ, ಇಷ್ಟು ವರ್ಷ ನಾನು ಲೀಕ್ ಲೀಕ್ ಅಂತ ತಲೆ ತಿಂದೆ, ನೀನು ಕೇಳಿಸ್ಕೊಂಡೆ. ಈ ಬೇಸಿಗೇಲಿ ನೀನು ಮಾತಾಡ್ದೆ. ಕೈ ತುಂಬ ಮಣ್ಣು, ಮುಖ ಕೆಂಪಗೆ, ಕೂರೋಕೂ ಮುಂಚೆ ಶುರು ಮಾಡ್ತಿದ್ದೆ. ಬೆಳಗ್ಗೆಯಿಂದ ನಾನು ಅದಕ್ಕೇ ಕಾಯ್ತಾ ಬಿದ್ದಿರ್ತಿದ್ದೆ. ಗೊತ್ತು ಅಂದಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ."

ಮಂಚದ ಅಂಚಿನಲ್ಲಿ ಕೂತು ಅತ್ತೆ ಲ್ಯಾನ್ಸ್. ಅವನು ನನ್ನ ಕೈ ತೆಗೆದುಕೊಂಡು ಉಗುರು ನೋಡುತ್ತಿದ್ದ. ಚಳಿಗಾಲ, ಮಣ್ಣಿನ ಗುರುತೂ ಇರಲಿಲ್ಲ. ಅವನ ಮೇಲೆ ನನಗೆ ಎಷ್ಟು ಪ್ರೀತಿ ಎಂದು ಬಾಯಿಬಿಟ್ಟು ಹೇಳಿದೆ. ನಮ್ಮ ಮನೆಯಲ್ಲಿ ಯಾರೂ ಹಾಗೆಲ್ಲ ಹೇಳುವವರಲ್ಲ, ಅವನಿಗೆ ನಾಚಿಕೆಯಾಗಿ ಗೋಡೆ ಕಡೆ ತಿರುಗಿದ.

ಡಾಕ್ಟರು ನಿನ್ನೆ ಬಂದಿದ್ದರು. ಹೊಸ ವರ್ಷದ ಮಾತು ಎತ್ತಲಿಲ್ಲ. ಸೆಪ್ ನಿನ್ನನ್ನು ಕೇಳುತ್ತಿದ್ದಾನೆ, ಕ್ಲಬ್ಬಿನ ಬಾಗಿಲಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲವಂತೆ, ನಿನ್ನ ಹತ್ತಿರ ಇನ್ನೂ ಜಗಳ ಆಡಬೇಕಂತೆ. ಕ್ರಿಸ್ಮಸ್ಸಿಗೆ ಕಾಯಬೇಡ. ಅವನಲ್ಲಿ ಬೈಯುವಷ್ಟು ಉಸಿರಿರುವಾಗಲೇ ಬಾ.

ನಿನ್ನ ಅಕ್ಕ,
ಹಿಲ್ಡಾ